ತಾಯಿಯಿದ್ದೂ ಪರದೇಶಿಗಳು

ನಮ್ಮ ಕಡೆ ಅಪ್ಪ ಅಮ್ಮನನ್ನು ಕಳೆದುಕೊಂಡ ಮಗುವಿಗೆ ‘ಪರದೇಶಿ’ ಅನ್ನುವ ರೂಢಿ ಇದೆ. ‘ಪಾಪ, ಪರದೇಶಿ ಮಗು’ ಅಂತ ಮರುಗಿ, ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕುತ್ತಿದ್ದ ಅಜ್ಜಿಯರು ಹೆಚ್ಚಿನವರ ನೆನಪಿನಲ್ಲೂ ಇರಬೇಕು. ಊರು ಬಿಟ್ಟು ಹೊಟ್ಟೆಪಾಡಿಗೆ ಹೋದವನೂ ಪರದೇಶಿಯೇ. ಮನೆ ಇಲ್ಲದವನಿಗೂ ಮನೆಯವರು ಇಲ್ಲದವನಿಗೂ ಕನ್ನಡ ಒಂದೇ ಹೆಸರು ಕೊಟ್ಟಿದೆ. ಸಂಸ್ಕೃತದ ‘ಅನಾಥ’ ಇನ್ನೂ ವಿಚಿತ್ರ. ಆ ಶಬ್ದದಲ್ಲಿ ಇಲ್ಲದಿರುವುದು ನಾಥ, ಅಂದರೆ ಒಡೆಯ, ಕಾಯುವವನು. ಅಪ್ಪ ಅಮ್ಮನ ಮಾತೇ ಅಲ್ಲಿಲ್ಲ. ಮಲಯಾಳಿಗಳು ಪರದೇಶಿ ಅನ್ನುವುದು ಹೊರಗಿನಿಂದ ಬಂದವರಿಗೆ. ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ ಇವತ್ತಿಗೂ ಪರದೇಶಿ ಸಿನಗಾಗ್ ಅಂತಲೇ ಹೆಸರು.

ನಾನು ಕೇರಳಕ್ಕೆ ಪರದೇಶಿಯಾಗಿ ಹೋದದ್ದು 1998ರಲ್ಲಿ, ಬ್ಯಾಂಕಿನ ಟ್ರಾನ್ಸ್‌ಫರ್ ಮೇಲೆ. ಮೊದಲು ಐದು ವರ್ಷ ಎರ್ನಾಕುಲಂ, ಆಮೇಲೆ ಮೂರು ವರ್ಷ ತಿರುವನಂತಪುರ. ಹೆಂಡತಿ ಮಕ್ಕಳು ಪುತ್ತೂರಿನಲ್ಲೇ ಉಳಿದರು, ಶಾಲೆ ಬದಲಿಸುವುದು ಬೇಡ ಅಂತ. ಊರು ಬಿಟ್ಟು ಒಂಟಿಯಾಗಿರುವ ಗಂಡಸಿಗೆ ವಾರದ ಆರು ದಿನ ಹೇಗೋ ಕಳೆಯುತ್ತದೆ. ಭಾನುವಾರ ಕಳೆಯುವುದಿಲ್ಲ. ಬ್ರ್ಯಾಂಚಿನಲ್ಲಿ ಖಾತೆ ಇಟ್ಟಿದ್ದ ಒಬ್ಬ ಸಿಸ್ಟರ್, ‘ಸಾರ್, ನಮ್ಮ ಹತ್ತನೇ ಕ್ಲಾಸಿನ ಮಕ್ಕಳಿಗೆ ಲೆಕ್ಕ ಹೇಳಿಕೊಡ್ತೀರಾ?’ ಅಂತ ಕೇಳಿದಾಗ ನಾನು ಹೂಂ ಅಂದದ್ದು ಸೇವೆಯ ಉತ್ಸಾಹದಿಂದೇನೂ ಅಲ್ಲ, ಭಾನುವಾರದ ಭಯದಿಂದ. ಅವರು ಕನ್ಯಾಸ್ತ್ರೀ, ನಾನು ಸಂಧ್ಯಾವಂದನೆ ಮರೆತ ಬ್ರಾಹ್ಮಣ. ಅದು ಇಬ್ಬರಿಗೂ ಅಡ್ಡಿಯಾಗಲಿಲ್ಲ. ಮಕ್ಕಳು ನನ್ನನ್ನು ‘ಸಾರೇ’ ಅಂತ ಕರೆದರು, ನನ್ನ ಮಲಯಾಳಕ್ಕೆ ನಕ್ಕರು, ವರ್ಗಸಮೀಕರಣ ಕಲಿತರು.

ಮೂರು ತಿಂಗಳಾದ ಮೇಲೆ ಪರೀಕ್ಷೆಯ ಅರ್ಜಿ ತುಂಬಿಸಲು ಸಿಸ್ಟರ್ ರಿಜಿಸ್ಟರ್ ತೆಗೆದುಕೊಟ್ಟರು. ಮೂವತ್ತಾರು ಮಕ್ಕಳು. ತಂದೆಯ ಹೆಸರಿನ ಕಾಲಂ, ತಾಯಿಯ ಹೆಸರಿನ ಕಾಲಂ. ಎರಡೂ ಕಡೆ ‘ತೀರಿಕೊಂಡಿದ್ದಾರೆ’ ಅಂತ ಇದ್ದದ್ದು ನಾಲ್ವರಿಗೆ ಮಾತ್ರ. ಉಳಿದವರ ಅಮ್ಮಂದಿರು ಹೈರೇಂಜಿನ ಟೀ ತೋಟದಲ್ಲೋ, ಸೀಗಡಿ ಸುಲಿಯುವ ಶೆಡ್ಡಿನಲ್ಲೋ, ಯಾರದೋ ಮನೆಗೆಲಸದಲ್ಲೋ ಇದ್ದರು. ಅಪ್ಪಂದಿರಲ್ಲಿ ಕೆಲವರು ಸತ್ತಿದ್ದರು, ಕೆಲವರು ಕುಡಿತದಲ್ಲಿ ಮುಳುಗಿದ್ದರು, ಕೆಲವರು ಬೇರೆ ಮನೆ ಹೂಡಿದ್ದರು. ತಿಂಗಳ ಎರಡನೇ ಭಾನುವಾರ ಅಮ್ಮಂದಿರು ಬರುತ್ತಿದ್ದರು, ಕಾಗದದಲ್ಲಿ ಸುತ್ತಿದ ಪರಿಪ್ಪುವಡೆ ಹಿಡಿದುಕೊಂಡು. ಅವತ್ತು ಯಾರಿಗೂ ಲೆಕ್ಕ ತಲೆಗೆ ಹೋಗುತ್ತಿರಲಿಲ್ಲ. ಐದೂವರೆಯ ಬಸ್ಸಿಗೆ ಅಮ್ಮಂದಿರು ಹೊರಟ ಮೇಲೆ ಆ ಕಟ್ಟಡದಲ್ಲಿ ಒಂದು ತಾಸು ಯಾರೂ ಮಾತಾಡುತ್ತಿರಲಿಲ್ಲ.

ಇವರನ್ನು ಅನಾಥರು ಅಂತ ಬರೆದವರು ಯಾರು, ಯಾವಾಗಿನಿಂದ, ಅನ್ನುವ ಪ್ರಶ್ನೆ ನನಗೆ ಹತ್ತಿದ್ದು ಆಗ. ಚರಿತ್ರೆ ನನ್ನ ವಿಷಯವಲ್ಲ, ನಾನು ಬಿ.ಕಾಂ. ಆದರೆ ಕೊಚ್ಚಿಯಲ್ಲಿದ್ದವನು ಚರಿತ್ರೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಜೆಟ್ಟಿಯಲ್ಲಿ ಬೋಟು ಹತ್ತಿದರೆ ಅದೇ ಎದುರಿಗೆ ಬರುತ್ತದೆ.

ಮಟ್ಟಾಂಚೇರಿಯ ಚೆರ್ಲಾಯಿಯಲ್ಲಿ ಕೊಂಕಣಿಗರ ಕೇರಿ ಇದೆ, ತಿರುಮಲ ದೇವರ ದೊಡ್ಡ ದೇವಸ್ಥಾನ ಇದೆ. ಅಲ್ಲಿ ನನಗೆ ಪರಿಚಯವಾದ ಒಬ್ಬ ವಯಸ್ಸಾದ ವ್ಯಾಪಾರಿಯನ್ನು ನಾನು ‘ಮಾಮ’ ಅನ್ನುತ್ತಿದ್ದೆ. ನನ್ನ ಬಾಯಲ್ಲಿ ಮಂಗಳೂರಿನ ಹೆಸರು ಕೇಳಿದ್ದೇ ಅವರಿಗೆ ನಾನು ನೆಂಟನಾಗಿಬಿಟ್ಟಿದ್ದೆ. ‘ನಾವು ಇಲ್ಲಿಗೆ ಯಾಕೆ ಬಂದೆವು ಗೊತ್ತುಂಟೋ?’ ಅಂತ ಅವರೇ ಒಮ್ಮೆ ಕೇಳಿದರು. ನಾನು ಎಲ್ಲರಂತೆ, ಗೋವೆಯಲ್ಲಿ ದೇವಸ್ಥಾನ ಕೆಡವಿದ್ದಕ್ಕೆ ಅಂದೆ. ‘ದೇವರನ್ನು ಪಲ್ಲಕ್ಕಿಯಲ್ಲಿಟ್ಟು ಹೊಳೆ ದಾಟಿಸಬಹುದು ಮಾರಾಯ. ಮಕ್ಕಳ ಸುದ್ದಿಗೆ ಬಂದರಲ್ಲ, ಅದಕ್ಕೆ’ ಅಂದರು.

ಅವರ ಮಾತಿಗೆ ದಾಖಲೆ ಇದೆ. 1559ರಲ್ಲಿ ಪೋರ್ಚುಗಲ್ಲಿನ ದೊರೆಯ ಹೆಸರಿನಲ್ಲಿ ಗೋವೆಗೆ ಒಂದು ಆಜ್ಞೆ ಬಂತು. ಅಪ್ಪ ಅಮ್ಮ, ಅಜ್ಜ ಅಜ್ಜಿ ಯಾರೂ ಇಲ್ಲದ ಹಿಂದೂ ಮಕ್ಕಳನ್ನು ಜೆಸ್ವಿತರ ಸಂತ ಪಾವ್ಲ ಕಾಲೇಜಿಗೆ ಒಪ್ಪಿಸಬೇಕು, ಅಲ್ಲಿ ಅವರಿಗೆ ದೀಕ್ಷಾಸ್ನಾನ ಮಾಡಿಸಿ ಬೆಳೆಸಬೇಕು ಅಂತ. ಕಾಗದದ ಮೇಲೆ ಅದು ದಯೆಯ ಕಾನೂನು. ಆದರೆ ವರ್ಷ ಕಳೆದ ಹಾಗೆ ‘ಅನಾಥ’ ಅನ್ನುವ ಮಾತಿನ ಅರ್ಥ ಹಿಗ್ಗುತ್ತ ಹೋಯಿತು. ಅಪ್ಪ ಸತ್ತರೆ ಸಾಕು, ತಾಯಿ ಬದುಕಿದ್ದರೂ ಮಗು ಅನಾಥ ಅನ್ನುವಲ್ಲಿಗೆ ಬಂತು. ಇದನ್ನು ನೋಡಿಕೊಳ್ಳುವುದಕ್ಕೆ ‘ಕ್ರೈಸ್ತರ ತಂದೆ’ ಎಂಬ ಹುದ್ದೆಯೇ ಇತ್ತು. ಗಂಡ ತೀರಿಕೊಂಡ ರಾತ್ರಿಯೇ ಮಕ್ಕಳನ್ನು ಕಟ್ಟಿಕೊಂಡು ದೋಣಿ ಹತ್ತಿದ ಹೆಂಗಸರ ಕತೆ ನಮ್ಮ ಕರಾವಳಿಯ ಕೊಂಕಣಿ ಮನೆಗಳಲ್ಲಿ ಇನ್ನೂ ಇದೆ. ಭಟ್ಕಳ, ಕುಂದಾಪುರ, ಮಂಗಳೂರು, ಕಾಸರಗೋಡು, ಕೊಚ್ಚಿ, ಹೀಗೆ ಒಂದೇ ಸಮುದಾಯ ಕರಾವಳಿಯುದ್ದಕ್ಕೂ ಹರಡಿದ್ದಕ್ಕೆ ವ್ಯಾಪಾರ, ಗುಡಿ, ಮತಾಂತರ ಎಲ್ಲವೂ ಕಾರಣವೇ. ಮಕ್ಕಳ ಕಾನೂನೂ ಅದರಲ್ಲೊಂದು.

ಅದೇ ದೊರೆತನ ತನ್ನ ದೇಶದ ಅನಾಥ ಹೆಣ್ಣುಮಕ್ಕಳನ್ನು ಹಡಗಿನಲ್ಲಿ ಇತ್ತ ಕಳಿಸುತ್ತಿತ್ತು ಅನ್ನುವುದನ್ನೂ ಹೇಳಬೇಕು. ‘ದೊರೆಯ ಅನಾಥೆಯರು’ ಅಂತಲೇ ಅವರ ಹೆಸರು. ಮದುವೆಯಾದವನಿಗೆ ವರದಕ್ಷಿಣೆಯಾಗಿ ಸರ್ಕಾರಿ ಹುದ್ದೆ ಸಿಗುತ್ತಿತ್ತು. ಲಿಸ್ಬನ್ನಿನ ಒಂದು ಹುಡುಗಿ, ತನ್ನ ದಾಂಪತ್ಯವೇ ಒಂದು ಸರ್ಕಾರಿ ನೇಮಕಾತಿಯಾಗಿ, ಆರೇಳು ತಿಂಗಳು ಸಮುದ್ರದ ಮೇಲೆ ಬಂದು ಗೋವೆಯಲ್ಲಿ ಇಳಿಯುವುದನ್ನು ಕಲ್ಪಿಸಿಕೊಳ್ಳಿ. ಆಕೆಯನ್ನು ಯಾವ ಅರ್ಥದಲ್ಲಿ ಪರದೇಶಿ ಅನ್ನುವುದು?

1663ರಲ್ಲಿ ಕೊಚ್ಚಿ ಡಚ್ಚರ ಕೈಗೆ ಹೋಯಿತು. ಡಚ್ಚರು ವ್ಯಾಪಾರಿಗಳು. ಅವರ ಕಂಪನಿಯ ಊರುಗಳಲ್ಲಿ ಅನಾಥರ ಆಸ್ತಿ ನೋಡಿಕೊಳ್ಳುವುದಕ್ಕೆ ಒಂದು ಮಂಡಳಿ ಇರುತ್ತಿತ್ತು. ಮಗುವಿನ ಆತ್ಮದ ಗೊಡವೆಗಿಂತ ಅದರ ಲೆಕ್ಕಪುಸ್ತಕದ ಗೊಡವೆ ಅವರಿಗೆ ಹೆಚ್ಚು. ಬ್ಯಾಂಕಿನವನಾದ ನನಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಇಷ್ಟೆಲ್ಲ ಆಗುವಾಗ ಮಲಯಾಳ ನಾಡಿನ ಒಳಗೆ ಅನಾಥರು ಇರಲಿಲ್ಲವೇ? ಇದಕ್ಕೆ ಉತ್ತರ ಹೇಳುವುದಕ್ಕೆ ದಕ್ಷಿಣ ಕನ್ನಡದವರಿಗೆ ಒಂದು ಅನುಕೂಲ ಇದೆ. ಅಳಿಯಕಟ್ಟು ನಮಗೆ ಗೊತ್ತು. ನಾಯರ್ ತರವಾಡಿನ ಮರುಮಕ್ಕತ್ತಾಯಂ ಅಂದರೆ ಹೆಚ್ಚುಕಡಿಮೆ ಅದೇ. ಮಗು ಅಮ್ಮನ ಮನೆಗೆ ಸೇರಿದ್ದು, ಯಜಮಾನ ಸೋದರಮಾವ. ಅಪ್ಪ ಸತ್ತರೆ ಆ ಮನೆಯಲ್ಲಿ ಒಂದು ತಟ್ಟೆಯೂ ಕಡಿಮೆಯಾಗುವುದಿಲ್ಲ. ಅಮ್ಮ ಸತ್ತರೂ ಹತ್ತು ಜನ ಚಿಕ್ಕಮ್ಮ ದೊಡ್ಡಮ್ಮಂದಿರು. ಅಂಥ ಮನೆಗಳಲ್ಲಿ ಅನಾಥ ಅನ್ನುವ ಶಬ್ದಕ್ಕೆ ಕೆಲಸವೇ ಇರಲಿಲ್ಲ.

ಆದರೆ ತರವಾಡಿನ ಗದ್ದೆಯಲ್ಲಿ ದುಡಿಯುತ್ತಿದ್ದವರ ವಿಷಯ ಬೇರೆ. 1836ರ ತಿರುವಾಂಕೂರಿನ ಜನಗಣತಿಯಲ್ಲಿ ಒಟ್ಟು ಸುಮಾರು 12.8 ಲಕ್ಷ ಜನ, ಅವರಲ್ಲಿ 1.64 ಲಕ್ಷದಷ್ಟು ಜನ ಗುಲಾಮರು. ಎಂಟರಲ್ಲೊಬ್ಬರು ಅನ್ನಿ. ಹೆಚ್ಚಿನವರು ಪುಲಯರು, ಪರಯರು, ಕುರವರು. ಗಂಡನನ್ನು ಒಬ್ಬನಿಗೆ, ಹೆಂಡತಿಯನ್ನು ಇನ್ನೊಬ್ಬನಿಗೆ, ಮಕ್ಕಳನ್ನು ಮತ್ತೊಬ್ಬನಿಗೆ ಮಾರಬಹುದಿತ್ತು, ಅಡವಿಡಬಹುದಿತ್ತು. ಅಲ್ಲಿ ಮಗುವಿಗೆ ಅಪ್ಪನೂ ಇದ್ದ, ಅಮ್ಮನೂ ಇದ್ದಳು, ಸಂಸ್ಕೃತದ ಅರ್ಥದಲ್ಲಿ ‘ನಾಥ’ನೂ ಇದ್ದ. ಅನಾಥನಾಗಿದ್ದರೇ ವಾಸಿ ಅನ್ನಿಸುವಂಥ ಸ್ಥಿತಿ. ಕೊಚ್ಚಿ ಸಂಸ್ಥಾನದಲ್ಲಿ ಗುಲಾಮಗಿರಿ ರದ್ದಾದದ್ದು 1854ರಲ್ಲಿ, ತಿರುವಾಂಕೂರಿನಲ್ಲಿ 1855ರಲ್ಲಿ. ಮಿಷನರಿಗಳು ಬರೆದ ಅರ್ಜಿಗಳು, ಮದರಾಸಿನ ಒತ್ತಾಯ, ಎರಡೂ ಇದರ ಹಿಂದಿದ್ದವು.

ತಿರುವನಂತಪುರದ ಪಾಳಯಂ ದಾಟಿ ಮ್ಯೂಸಿಯಂ ಕಡೆ ಹೋಗುವಾಗ ಎಲ್‌ಎಂಎಸ್ ಅನ್ನುವ ಬಸ್ ಸ್ಟಾಪ್ ಬರುತ್ತದೆ. ಲಂಡನ್ ಮಿಷನರಿ ಸೊಸೈಟಿ. ಕಂಡಕ್ಟರು ದಿನಕ್ಕೆ ನೂರು ಸಲ ಕೂಗುವ ಆ ಮೂರಕ್ಷರದ ಅರ್ಥ ನನ್ನ ಮಲಯಾಳಿ ಸಹೋದ್ಯೋಗಿಗಳಲ್ಲೇ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಆ ಆವರಣದೊಳಗಿನ ದೊಡ್ಡ ಇಗರ್ಜಿ 1906ರದ್ದು, ಸ್ಯಾಮ್ಯುಯೆಲ್ ಮೇಟೀರ್ ಎಂಬ ಮಿಷನರಿಯ ಹೆಸರಿನಲ್ಲಿ ಕಟ್ಟಿದ್ದು. ಮೇಟೀರ್ 1859ರಲ್ಲಿ ಬಂದು ಮೂವತ್ತು ವರ್ಷ ತಿರುವಾಂಕೂರಿನಲ್ಲಿದ್ದ. 1871ರಲ್ಲಿ ಆತ ಬರೆದ ಪುಸ್ತಕದ ಹೆಸರು ‘ದಿ ಲ್ಯಾಂಡ್ ಆಫ್ ಚಾರಿಟಿ’, ಧರ್ಮಭೂಮಿ ಅಂತ. ತಿರುವಾಂಕೂರು ತನ್ನನ್ನು ತಾನು ಕರೆದುಕೊಳ್ಳುತ್ತಿದ್ದದ್ದೇ ಹಾಗೆ. ರಾಜ್ಯದುದ್ದಕ್ಕೂ ಊಟ್ಟುಪುರಗಳಿದ್ದವು, ಬ್ರಾಹ್ಮಣರಿಗೆ ಬಿಟ್ಟಿ ಊಟ. ಗದ್ದೆಯಲ್ಲಿ ಅಕ್ಕಿ ಬೆಳೆದವನು ಆ ಊಟದ ಮನೆಯ ದಾರಿಯಲ್ಲೂ ನಡೆಯುವಂತಿರಲಿಲ್ಲ. ಶೀರ್ಷಿಕೆಯಲ್ಲಿ ಇರುವ ಮುಳ್ಳು ಅದು. ಆ ಊಟ್ಟುಪುರಗಳಲ್ಲಿ ಉಂಡವರಲ್ಲಿ ನಮ್ಮ ತುಳುನಾಡಿನಿಂದ ಪೂಜೆಗೆ ಹೋದ ಎಂಬ್ರಾಂದಿರಿಗಳೂ ಪೋತ್ತಿಗಳೂ ಇದ್ದರು. ನನ್ನ ಮುತ್ತಜ್ಜನ ಕಡೆಯವರು ಯಾರಾದರೂ ಅಲ್ಲಿ ಪಾಯಸ ಉಂಡಿದ್ದರೆ ಆಶ್ಚರ್ಯವಿಲ್ಲ.

ಮಿಷನ್ನಿನವರು ಹುಡುಗಿಯರಿಗಾಗಿ ಬೋರ್ಡಿಂಗ್ ಶಾಲೆ ತೆರೆದಾಗ ಅಲ್ಲಿಗೆ ಬಂದವರು ಇಂಥ ಮನೆಗಳ ಮಕ್ಕಳು. ಆಗ ತಿರುವಾಂಕೂರಿಗೇ ಸೇರಿದ್ದ ನಾಗರಕೋವಿಲಿನಲ್ಲಿ ಮಾರ್ಥಾ ಮಾಲ್ಟ್ ಎಂಬ ಮಿಷನರಿ ಪತ್ನಿ 1820ರ ದಶಕದ ಆರಂಭದಲ್ಲಿ ಹುಡುಗಿಯರಿಗೆ ಲೇಸ್ ಹೆಣೆಯುವುದನ್ನು ಕಲಿಸಿದಳು. ಲೇಸಿನಿಂದ ಬಂದ ಹಣ ಕೂಡಿಸಿ ಕೆಲವು ಹುಡುಗಿಯರು ತಮ್ಮ ಬಿಡುಗಡೆಯನ್ನು ತಾವೇ ಕೊಂಡುಕೊಂಡರು ಅಂತ ಮಿಷನ್ನಿನ ಬರಹಗಳು ಹೇಳುತ್ತವೆ. ಇದನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಮತಾಂತರದ ಬಗ್ಗೆ ನಮ್ಮಲ್ಲಿ ಜಗಳ ಆಡುವವರು ಎರಡೂ ಕಡೆ ಇದ್ದಾರೆ. ಹನ್ನೆರಡು ವರ್ಷದ ಹುಡುಗಿ ಬೆರಳು ನೋಯಿಸಿಕೊಂಡು ತನ್ನನ್ನು ತಾನೇ ಕೊಳ್ಳುವುದರ ಮುಂದೆ ಆ ಜಗಳ ನನಗೆ ಸಣ್ಣದಾಗಿ ಕಾಣುತ್ತದೆ.

ಹಾಗಂತ ಮಿಷನ್ನಿನ ಎಲ್ಲವೂ ಬೆಳ್ಳಗಿತ್ತು ಅಂತಲ್ಲ. ಇಂಗ್ಲೆಂಡಿನ ದಾನಿಗಳು ಇಲ್ಲಿನ ಒಂದು ಮಗುವಿನ ಖರ್ಚಿಗೆ ವರ್ಷಕ್ಕಿಷ್ಟು ಅಂತ ಕಳಿಸಿ, ಆ ಮಗುವಿಗೆ ತಮಗಿಷ್ಟವಾದ ಹೆಸರು ಇಡಿಸುವ ಪದ್ಧತಿ ಆಗಲೇ ಇತ್ತು. ತಾವು ನೋಡದ ಊರಿನಲ್ಲಿ ತಮ್ಮ ಹೆಸರಿನ ಒಂದು ಮಗು. ಅಮ್ಮ ಇಟ್ಟ ಹೆಸರು ಎಲ್ಲಿ ಹೋಯಿತು ಅನ್ನುವುದಕ್ಕೆ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ.

ಈಗ ಸ್ವಲ್ಪ ಉತ್ತರಕ್ಕೆ ಬರೋಣ, ನಮ್ಮ ಮಂಗಳೂರಿಗೂ ಇದಕ್ಕೂ ಗಂಟು ಇದೆ. ಊರಿಗೆ ಹೋಗಿ ಬರುವಾಗ ನಾನು ಹತ್ತುತ್ತಿದ್ದದ್ದು ಮಲಬಾರ್ ಎಕ್ಸ್‌ಪ್ರೆಸ್. ರಾತ್ರಿ ತಲಶ್ಶೇರಿ ದಾಟುವಾಗ ಎಚ್ಚರವಿದ್ದರೆ ಗುಂಡರ್ಟ್ ನೆನಪಾಗುತ್ತಿದ್ದ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟ ಮೊಗ್ಲಿಂಗ್, ನಿಘಂಟು ಕೊಟ್ಟ ಕಿಟ್ಟೆಲ್, ಮಲಯಾಳಕ್ಕೆ ನಿಘಂಟು ಕೊಟ್ಟ ಹರ್ಮನ್ ಗುಂಡರ್ಟ್ ಎಲ್ಲರೂ ಒಂದೇ ಮಿಷನ್ನಿನವರು. ಗುಂಡರ್ಟ್ 1836ರಲ್ಲಿ ಭಾರತಕ್ಕೆ ಬಂದದ್ದು ಆಂಥನಿ ನಾರಿಸ್ ಗ್ರೋವ್ಸ್ ಎಂಬಾತನ ತಂಡದ ಜೊತೆ. ಈ ಗ್ರೋವ್ಸನ ತಂಗಿಯ ಗಂಡನೇ ಬ್ರಿಸ್ಟಲ್ಲಿನಲ್ಲಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿ ಜಗತ್ಪ್ರಸಿದ್ಧನಾದ ಜಾರ್ಜ್ ಮುಲ್ಲರ್. (ಕಂಕನಾಡಿಯ ನಮ್ಮ ಫಾದರ್ ಮುಲ್ಲರ್ ಬೇರೆ, ಅವರು ಹೋಮಿಯೋಪಥಿಯ ಜೆಸ್ವಿತರು.) ಅದೇ ಹಡಗಿನಲ್ಲಿ ಬಂದಿದ್ದ ಜೂಲಿ ದ್ಯುಬೊವಾ ಎಂಬಾಕೆಯನ್ನು ಗುಂಡರ್ಟ್ 1838ರಲ್ಲಿ ಮದುವೆಯಾದ. ತಲಶ್ಶೇರಿಯ ಇಲ್ಲಿಕ್ಕುನ್ನಿನ ಬಂಗಲೆಯಲ್ಲಿ ಜೂಲಿ ಹುಡುಗಿಯರಿಗಾಗಿ ಬೋರ್ಡಿಂಗ್ ಶಾಲೆ ತೆರೆದಳು. ದಿಕ್ಕಿಲ್ಲದ ಹುಡುಗಿಯರಿಗೆ ಉಣಿಸಿ, ಓದಿಸಿ, ಹೊಲಿಗೆ ಕಲಿಸಿ ದೊಡ್ಡವರನ್ನಾಗಿ ಮಾಡಿದಳು.

ಜೂಲಿಗೆ ತನ್ನವೇ ಮಕ್ಕಳಿದ್ದರು. ಮಗಳು ಮರಿ 1842ರಲ್ಲಿ ತಲಶ್ಶೇರಿಯಲ್ಲೇ ಹುಟ್ಟಿದವಳು. ನಾಲ್ಕು ವರ್ಷದ ಆಸುಪಾಸಿನಲ್ಲಿ ಅವಳನ್ನು ಯುರೋಪಿಗೆ ಕರೆದುಕೊಂಡು ಹೋಗಿ, ಅಲ್ಲೇ ಬಿಟ್ಟು, ಅಪ್ಪ ಅಮ್ಮ ಮಲಬಾರಿಗೆ ವಾಪಸಾದರು. ಮಿಷನರಿಗಳಲ್ಲಿ ಇದು ನಡೆದುಬಂದ ಪದ್ಧತಿ. ಇಲ್ಲಿನ ಜ್ವರ, ಇಲ್ಲಿನ ‘ಸಹವಾಸ’ ಎರಡಕ್ಕೂ ಹೆದರಿ ಮಕ್ಕಳನ್ನು ಊರಿಗೆ ಕಳಿಸುವುದು. ಇಂಥ ಮಕ್ಕಳಿಗಾಗಿ ಬಾಸೆಲ್ಲಿನಲ್ಲಿ 1850ರ ದಶಕದಲ್ಲಿ ಒಂದು ಮಕ್ಕಳ ಮನೆಯನ್ನೇ ತೆರೆಯಬೇಕಾಯಿತು. ಮರಿ ಮತ್ತೆ ಭಾರತದ ನೆಲ ಮೆಟ್ಟಿದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ತಲಶ್ಶೇರಿಯ ಮಕ್ಕಳು ಅವಳ ಅಮ್ಮನನ್ನು ಅಮ್ಮ ಅಂದು ಕರೆದ ಹತ್ತು ವರ್ಷ ಅವಳಿಗೆ ಅಮ್ಮ ಅಂದರೆ ಹಡಗಿನಲ್ಲಿ ಬರುವ ಕಾಗದ. ಮುಂದೆ ಅವಳು ಮಂಗಳೂರಿನಲ್ಲಿ ಕೆಲವು ಕಾಲ ಕೆಲಸ ಮಾಡಿದ್ದ ಯೋಹಾನೆಸ್ ಹೆಸ್ಸೆಯನ್ನು ಎರಡನೇ ಮದುವೆಯಾದಳು. ಅವರ ಮಗ ಕಾದಂಬರಿಕಾರ ಹರ್ಮನ್ ಹೆಸ್ಸೆ.

ನನಗೆ ಈ ಮರಿಯ ಕತೆ ಉಳಿದೆಲ್ಲಕ್ಕಿಂತ ಹತ್ತಿರ. ನಾನು ಭಾನುವಾರ ಕೊಚ್ಚಿಯ ಮಕ್ಕಳಿಗೆ ಲೆಕ್ಕ ಹೇಳುವಾಗ ಪುತ್ತೂರಿನಲ್ಲಿ ನನ್ನ ಮಗನಿಗೆ ಲೆಕ್ಕದ ಟ್ಯೂಷನ್ ಮೇಷ್ಟ್ರು ಬೇರೊಬ್ಬರು ಇದ್ದರು. ಅವರಿಗೆ ನಾನು ತಿಂಗಳಿಗೆ ಇನ್ನೂರು ರೂಪಾಯಿ ಎಂ.ಓ. ಮಾಡುತ್ತಿದ್ದೆ.

ಬಿಳಿಯರನ್ನು ಬಿಟ್ಟು ಇಲ್ಲಿನವರೇ ಏನೂ ಮಾಡಲಿಲ್ಲವೇ ಅಂತ ಕೇಳುವವರಿಗೆ ಕೊಚ್ಚಿಯ ಆಸುಪಾಸಿನಲ್ಲೇ ಉತ್ತರ ಇದೆ. ವರಾಪುಳದ ಹತ್ತಿರದ ಕೂನಮ್ಮಾವಿನಲ್ಲಿ 1871ರಲ್ಲಿ ತೀರಿಕೊಂಡ ಚಾವರ ಕುರಿಯಾಕೋಸ್ ಏಲಿಯಾಸ್ ಅಚ್ಚನ್, ಇಗರ್ಜಿಯ ಜೊತೆಗೊಂದು ಶಾಲೆ ಇರಲೇಬೇಕು ಅಂತ ಕಟ್ಟುನಿಟ್ಟು ಮಾಡಿದವರು. 1869ರಲ್ಲಿ ತಮ್ಮ ಊರು ಕೈನಕರಿಯಲ್ಲಿ ದಿಕ್ಕಿಲ್ಲದವರಿಗೆ ಒಂದು ಆಸರೆಯ ಮನೆ ತೆರೆದರು. 2014ರಲ್ಲಿ ರೋಮಿನಲ್ಲಿ ಅವರನ್ನು ಸಂತರೆಂದು ಸಾರಿದರು, ಅದು ಇರಲಿ. ನನಗೆ ಹಿಡಿಸಿದ್ದು ಅವರು ರೂಢಿಗೆ ತಂದ ಪಿಡಿಯರಿ. ದಿನಾ ಅನ್ನಕ್ಕೆ ಅಕ್ಕಿ ಅಳೆಯುವಾಗ ಮನೆಯಾಕೆ ಒಂದು ಹಿಡಿ ಬೇರೆ ಮಡಕೆಗೆ ಹಾಕಬೇಕು, ವಾರಕ್ಕೊಮ್ಮೆ ಅದನ್ನು ಒಟ್ಟು ಮಾಡಿ ಬಡ ಮಕ್ಕಳ ಊಟಕ್ಕೆ. ನಮ್ಮಲ್ಲಿ ಮಠಗಳಿಗೆ ಮುಷ್ಟಿ ಅಕ್ಕಿ ತೆಗೆದಿಡುತ್ತಿದ್ದರಲ್ಲ, ಅದೇ. ಇದರಲ್ಲಿ ದಾನಿಯ ಹೆಸರು ಯಾವ ಮಗುವಿನ ಮೇಲೂ ಕೂರುವುದಿಲ್ಲ. ಹಿಡಿ ಅಕ್ಕಿಗೆ ಯಾರ ಗುರುತೂ ಇಲ್ಲ. ಇನ್ನು ಎರ್ನಾಕುಲಂನ ಸೇಂಟ್ ತೆರೆಸಾಸ್ ಎಲ್ಲರಿಗೂ ಗೊತ್ತಿರುವ ಕಾಲೇಜು. ಅದರ ಬೇರಿನಲ್ಲಿರುವ ಕಾನ್ವೆಂಟನ್ನು 1887ರಲ್ಲಿ ಸ್ಥಾಪಿಸಿದ ಮದರ್ ತೆರೆಸಾ ಆಫ್ ಸೇಂಟ್ ರೋಸ್ ಆಫ್ ಲೀಮಾ ಮದರಾಸಿನಲ್ಲಿ ಹುಟ್ಟಿದ ಹೆಂಗಸು. ಶಾಲೆಯ ಜೊತೆ ಅನಾಥ ಹುಡುಗಿಯರಿಗೆ ಆಶ್ರಯ ಕೊಟ್ಟವರು, 1902ರಲ್ಲಿ ಆಂಧ್ರದ ಮಂಗಪಟ್ಣದ ರೈಲು ದುರಂತದಲ್ಲಿ ತೀರಿಕೊಂಡರು.

ತಿರುವನಂತಪುರಕ್ಕೆ ಹೋದ ಮೇಲೆ ನಾನು ಭಾನುವಾರ ಹೋಗುತ್ತಿದ್ದದ್ದು ಬೇರೊಂದು ಮಕ್ಕಳ ಮನೆಗೆ. ಅಲ್ಲಿ ನಾನು ಮೊದಲ ಸಲ ‘ಮಿಷನ್ ಟ್ರಿಪ್’ ನೋಡಿದೆ. ಹತ್ತು ದಿನ, ಹೆಚ್ಚೆಂದರೆ ಹದಿನೈದು ದಿನಕ್ಕೆ ಪಾಶ್ಚಾತ್ಯ ದೇಶಗಳಿಂದ ಚರ್ಚಿನ ಹುಡುಗ ಹುಡುಗಿಯರು ಬರುತ್ತಿದ್ದರು, ಒಂದೇ ಬಣ್ಣದ ಟೀ ಶರ್ಟು ತೊಟ್ಟು. ಮಕ್ಕಳ ಬಾಯಲ್ಲಿ ಅವರು ಸಾಯಿಪ್ಪು, ಮದಾಮ್ಮ. ಬಂದವರು ಒಳ್ಳೆಯ ಮಕ್ಕಳು, ಅದರಲ್ಲಿ ಅನುಮಾನ ಬೇಡ. ಗೋಡೆಗೆ ಬಣ್ಣ ಬಳಿದರು, ಗೊಂಬೆಯಾಟ ಆಡಿಸಿದರು, ಹಾಡು ಕಲಿಸಿದರು, ಕೈಯಲ್ಲಿ ಅನ್ನ ಸಾಂಬಾರು ಕಲಸಿ ತಿಂದು ಖಾರಕ್ಕೆ ಅತ್ತರು. ಒಂದೇ ಗೋಡೆಗೆ ಮೂರು ವರ್ಷದಲ್ಲಿ ಮೂರು ಬಣ್ಣ ಬಂತು. ಹೊರಡುವ ದಿನ ಮದಾಮ್ಮಂದಿರು ಅಳುತ್ತಿದ್ದರು, ಸಣ್ಣ ಮಕ್ಕಳು ಅವರ ಕುತ್ತಿಗೆಗೆ ಜೋತು ಬೀಳುತ್ತಿದ್ದರು. ದೊಡ್ಡ ಮಕ್ಕಳು ಬರುತ್ತಿರಲಿಲ್ಲ. ಎಂಟನೆಯ ಕ್ಲಾಸಿನ ಒಬ್ಬ ಹುಡುಗನನ್ನು ‘ಫೋಟೋಗೆ ಹೋಗಲ್ವೇನೋ?’ ಅಂತ ಕೇಳಿದೆ. ‘ಅವರು ಮತ್ತೆ ಬರಲ್ಲ ಸಾರೇ, ಬೇರೆಯವರು ಬರ್ತಾರೆ’ ಅಂದು ಲೆಕ್ಕದ ಪುಸ್ತಕ ಬಿಡಿಸಿದ.

ಆ ಹುಡುಗ ಹೇಳಿದ್ದನ್ನೇ ಜಾನ್ ಬೌಲ್ಬಿ ಎಂಬ ಇಂಗ್ಲಿಷ್ ವೈದ್ಯ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಒಂದು ವರದಿಯಾಗಿ ಬರೆದಿದ್ದ. ಮಗುವಿಗೆ ಬೇಕಾದದ್ದು ಬದಲಾಗದ ಒಂದು ಮುಖ ಅಂತ ಅದರ ಸಾರ. ಸೇವ್ ದ ಚಿಲ್ಡ್ರನ್ ಸಂಸ್ಥೆ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಅನಾಥಾಲಯಗಳಲ್ಲಿ ಇರುವ ಐದು ಮಕ್ಕಳಲ್ಲಿ ಕನಿಷ್ಠ ನಾಲ್ವರಿಗೆ ಅಪ್ಪ ಅಮ್ಮರಲ್ಲಿ ಒಬ್ಬರಾದರೂ ಬದುಕಿದ್ದಾರೆ. ನನ್ನ ಕೊಚ್ಚಿಯ ರಿಜಿಸ್ಟರು ಆ ಲೆಕ್ಕವನ್ನೂ ಮೀರಿಸಿತ್ತು. ಕಾಂಬೋಡಿಯ, ನೇಪಾಳದಂಥ ಕಡೆ ಪ್ರವಾಸಿಗಳ ದುಡ್ಡಿಗಾಗಿಯೇ ಮಕ್ಕಳನ್ನು ಹಳ್ಳಿಯಿಂದ ತಂದು ಅನಾಥರನ್ನಾಗಿ ಮಾಡುವ ದಂಧೆ ಬೆಳೆದದ್ದು ಆಮೇಲೆ ಬಯಲಿಗೆ ಬಂತು. ಆಸ್ಟ್ರೇಲಿಯ 2018ರಲ್ಲಿ ತಂದ ಆಧುನಿಕ ಗುಲಾಮಗಿರಿಯ ಕಾನೂನಿನ ಚರ್ಚೆಯಲ್ಲಿ ಈ ವಿಷಯ ಬಂತು. 2019ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯೂ ಅನಾಥಾಲಯಗಳ ಸ್ವಯಂಸೇವೆಯಿಂದಾಗುವ ಕೆಡುಕನ್ನು ತನ್ನ ನಿರ್ಣಯದಲ್ಲಿ ಎತ್ತಿತು. ನಾನು ನೋಡಿದ ಮನೆಗಳಲ್ಲಿ ಅಂಥ ದಂಧೆ ಇರಲಿಲ್ಲ. ಬಡತನ ಇತ್ತು, ಮಕ್ಕಳನ್ನು ಓದಿಸುವ ಹಟ ಇತ್ತು, ವಿದೇಶದ ದಾನ ಬೇಕಾಗಿತ್ತು, ದಾನಿಗೆ ‘ಅನಾಥ’ ಅನ್ನುವ ಶಬ್ದ ಬೇಕಾಗಿತ್ತು. ‘ತಾಯಿ ಇದ್ದಾಳೆ, ಅವಳಿಗೇ ತಿಂಗಳಿಗಿಷ್ಟು ಕೊಡಿ ಅಂದರೆ ಯಾರು ಕೊಡ್ತಾರೆ ಸಾರ್?’ ಅಂತ ಅಲ್ಲಿನ ಸಿಸ್ಟರ್ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ಮಾತು ಸೇರಿಸದಿದ್ದರೆ ಅನ್ಯಾಯವಾಗುತ್ತದೆ. ಅದೇ ಮನೆಗೆ ಪ್ರತಿ ಜನವರಿಯಲ್ಲಿ ಒಬ್ಬಳು ವಯಸ್ಸಾದ ದಂತವೈದ್ಯೆ ಬರುತ್ತಿದ್ದಳು. ಟೀ ಶರ್ಟು ಇಲ್ಲ, ಹಾಡು ಇಲ್ಲ, ಮಾತೂ ಕಡಿಮೆ. ಹಲ್ಲು ನೋಡುವುದು, ತುಂಬುವುದು, ಕೀಳುವುದು. ಹೋದ ವರ್ಷ ಯಾವ ಮಗುವಿನ ಯಾವ ಹಲ್ಲು ಅಂತ ಅವಳ ಪುಸ್ತಕದಲ್ಲಿ ಇರುತ್ತಿತ್ತು. ದೊಡ್ಡ ಹುಡುಗರೂ ಅವಳ ಮುಂದೆ ಸಾಲು ನಿಲ್ಲುತ್ತಿದ್ದರು. ನನಗೆ ಅವಳನ್ನು ನೋಡಿದಾಗ ನೆನಪಾಗುತ್ತಿದ್ದದ್ದು ಅಗಸ್ಟಾ ಬ್ಲ್ಯಾಂಡ್‌ಫರ್ಡ್. 1860ರ ದಶಕದಲ್ಲಿ ತಿರುವನಂತಪುರಕ್ಕೆ ಬಂದು, ಕೋಟೆಯೊಳಗಿನ ಮೇಲ್ಜಾತಿಯ ಹೆಣ್ಣುಮಕ್ಕಳಿಗಾಗಿ 1864ರಲ್ಲಿ ಶಾಲೆ ತೆರೆದು, ನಾಲ್ಕು ದಶಕ ಅಲ್ಲೇ ಕಳೆದವಳು. ಅವಳ ಶಾಲೆಯ ಹುಡುಗಿಯರು ಅನಾಥರೇನೂ ಅಲ್ಲ. ಆದರೆ ಹುಡುಗಿಯರು ಅಜ್ಜಿಯರಾಗುವ ತನಕ ಅಲ್ಲೇ ಇದ್ದಳಲ್ಲ, ಅದು.

ಕಾನೂನಿನ ಕತೆಯನ್ನು ಬೇಗ ಮುಗಿಸುತ್ತೇನೆ. 1960ರ ಅನಾಥಾಲಯಗಳ ಕಾಯಿದೆ, 2000ದ ಬಾಲನ್ಯಾಯ ಕಾಯಿದೆ, ಆಮೇಲೆ 2016ರ ಜನವರಿಯಲ್ಲಿ ಜಾರಿಗೆ ಬಂದ 2015ರ ಹೊಸ ಬಾಲನ್ಯಾಯ ಕಾಯಿದೆ. ಕೊನೆಯದು ಮಕ್ಕಳಿರುವ ಪ್ರತಿ ಮನೆಯೂ ನೋಂದಾಯಿಸಿಕೊಳ್ಳಲೇಬೇಕು ಅಂದಿತು. ಇಷ್ಟು ಮಕ್ಕಳಿಗೆ ಇಷ್ಟು ಜಾಗ, ಇಷ್ಟು ಸಿಬ್ಬಂದಿ ಅಂತ ನಿಯಮ ಬಂತು. 2017ರಲ್ಲಿ ಸುಪ್ರೀಂ ಕೋರ್ಟೂ, ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಆಗಬೇಕು ಅನ್ನುವ ಧಾಟಿಯಲ್ಲೇ ಹೇಳಿತು. ಕೇರಳದಲ್ಲಿ ಅನೇಕ ಹಳೆಯ ಮನೆಗಳು ಈ ನಿಯಮಕ್ಕೆ ಹೊಂದಲಾರದೆ ಬಾಗಿಲು ಹಾಕಿದವು. ಸಿಸ್ಟರ್ ಕೇಳಿದ ಪ್ರಶ್ನೆಗೆ ಸರ್ಕಾರದ ಉತ್ತರ ಬಂದದ್ದು ಬಹಳ ತಡವಾಗಿ.  ಮಿಷನ್ ವಾತ್ಸಲ್ಯ ಯೋಜನೆಯಲ್ಲಿ 2022ರಿಂದ, ಮಗುವನ್ನು ಮನೆಯಲ್ಲೇ ಇಟ್ಟು ಸಾಕುವ ಬಡ ಕುಟುಂಬಕ್ಕೆ ಪ್ರಾಯೋಜಕತ್ವ ಅಂತ ತಿಂಗಳಿಗೆ 4,000 ರೂಪಾಯಿ ಗೊತ್ತುಮಾಡಿದರು.

ತಿರುವನಂತಪುರದ ತೈಕ್ಕಾಡಿನಲ್ಲಿ ರಾಜ್ಯ ಶಿಶುಕ್ಷೇಮ ಸಮಿತಿಯ ‘ಅಮ್ಮತ್ತೊಟ್ಟಿಲ್’ ಇದೆ, 2002ರ ನವೆಂಬರ್ 14ರಂದು ಶುರುವಾದದ್ದು. ಸಾಕಲಾಗದವರು ಕೂಸನ್ನು ಆ ತೊಟ್ಟಿಲಲ್ಲಿ ಮಲಗಿಸಿ ಹೋಗಬಹುದು, ಹೆಸರು ಕೇಳುವವರಿಲ್ಲ. ನಾನು ಅಲ್ಲಿದ್ದಾಗ ಆ ರಸ್ತೆಯಲ್ಲಿ ಓಡಾಡುವಾಗ ಅತ್ತ ನೋಡಬೇಕೋ ಬೇಡವೋ ಅಂತ ಕಾಲು ತಡೆಯುತ್ತಿತ್ತು. ಅದರಿಂದ ಉಳಿದ ಜೀವಗಳು ಬಹಳ. 2021ರಲ್ಲಿ ಅಲ್ಲಿಂದಲೇ ಇನ್ನೊಂದು ಸುದ್ದಿ ಬಂತು. ಹಿಂದಿನ ವರ್ಷ ಒಬ್ಬ ಯುವತಿ ಹೆತ್ತ ಮಗುವನ್ನು ಅವಳ ಒಪ್ಪಿಗೆ ಇಲ್ಲದೆ ಸಮಿತಿಗೆ ಸೇರಿಸಲಾಗಿತ್ತು ಅನ್ನುವುದು ಅವಳ ದೂರು. ಮಗು ದತ್ತಕ್ಕೆಂದು ಆಂಧ್ರದ ದಂಪತಿಯ ಮನೆ ಸೇರಿತ್ತು. ತಾಯಿ ಸೆಕ್ರೆಟರಿಯೇಟಿನ ಎದುರು, ಆಮೇಲೆ ಸಮಿತಿಯ ಎದುರು ಸತ್ಯಾಗ್ರಹ ಕೂತಳು. ಡಿಎನ್‌ಎ ಪರೀಕ್ಷೆ ಆಯಿತು. ನವೆಂಬರ್ 24ರಂದು ಕೌಟುಂಬಿಕ ನ್ಯಾಯಾಲಯ ಮಗುವನ್ನು ಅವಳ ಕೈಗೆ ಕೊಟ್ಟಿತು. ಅತ್ತ ಆಂಧ್ರದ ಮನೆಯಲ್ಲಿ ನಾಲ್ಕು ತಿಂಗಳು ಆ ಮಗುವಿಗೆ ಅಮ್ಮನಾಗಿದ್ದ ಹೆಂಗಸಿನ ಬಗ್ಗೆ ಪತ್ರಿಕೆಗಳು ಹೆಚ್ಚು ಬರೆಯಲಿಲ್ಲ. ಟಿವಿ ನೋಡುತ್ತ ನನಗೆ ಮಟ್ಟಾಂಚೇರಿಯ ಮಾಮ ನೆನಪಾದರು. ಅವರು ತೀರಿಕೊಂಡು ಆಗಲೇ ಹತ್ತು ವರ್ಷವಾಗಿತ್ತು.

ನಾನು ಲೆಕ್ಕ ಹೇಳಿಕೊಟ್ಟ ಕೊಚ್ಚಿಯ ಮನೆಯಲ್ಲಿ ಈಗ ಮಕ್ಕಳಿಲ್ಲ. ಕಳೆದ ವರ್ಷ ಒಂದು ಮದುವೆಗೆಂದು ಎರ್ನಾಕುಲಂಗೆ ಹೋದವನು ಅತ್ತ ಹೋಗಿದ್ದೆ. ಸಿಸ್ಟರ್‌ಗೆ ಎಂಬತ್ತು ದಾಟಿದೆ, ಕಿವಿ ಮಂದ, ನನ್ನ ಗುರುತು ಸಿಕ್ಕಿತು. ‘ಕನ್ನಡ ಸಾರ್’ ಅಂದರು. ನಿಯಮ ಬಿಗಿಯಾದ ಮೇಲೆ ಮಕ್ಕಳನ್ನು ಅವರವರ ಮನೆಗೆ, ಬೇರೆ ಸಂಸ್ಥೆಗೆ ಕಳಿಸಿ, ಅದೇ ಕಟ್ಟಡವನ್ನು ಮುದುಕರ ಮನೆ ಮಾಡಿದ್ದಾರೆ. ನಾನು ಪಾಠ ಮಾಡುತ್ತಿದ್ದ ಕೋಣೆಯಲ್ಲಿ ಆರು ಮಂಚ, ಆರು ಆಕ್ಸಿಜನ್ ಪಾಯಿಂಟು. ಹಳೆಯ ವಿದ್ಯಾರ್ಥಿನಿಯರಲ್ಲಿ ಮೂವರು ನರ್ಸುಗಳಾಗಿ ಹೊರದೇಶದಲ್ಲಿದ್ದಾರಂತೆ, ಒಬ್ಬಳು ಪ್ರತಿ ಕ್ರಿಸ್‌ಮಸ್ಸಿಗೆ ದುಡ್ಡು ಕಳಿಸುತ್ತಾಳಂತೆ.

ಚಹಾ ಕುಡಿಯುವಾಗ ಸಿಸ್ಟರ್ ಹೊಸ ರಿಜಿಸ್ಟರ್ ತೋರಿಸಿದರು. ತೂಕ, ಬಿ.ಪಿ., ಔಷಧಿ, ಆಮೇಲೆ ‘ಹತ್ತಿರದ ಸಂಬಂಧಿ’ ಅಂತ ಒಂದು ಕಾಲಂ. ಮಗ, ಡಬ್ಲಿನ್. ಮಗಳು, ಕುವೈತ್. ಇಬ್ಬರು ಮಕ್ಕಳು, ಮೆಲ್ಬರ್ನ್. ಒಂಬತ್ತನೇ ಸಾಲಿನಲ್ಲಿದ್ದ ಹೆಂಗಸನ್ನು ಸಿಸ್ಟರ್ ಬೆರಳಿಟ್ಟು ತೋರಿಸಿದರು. ತಿಂಗಳ ಎರಡನೇ ಭಾನುವಾರ ಹೈರೇಂಜಿನಿಂದ ಬರುತ್ತಿದ್ದವರಲ್ಲಿ ಒಬ್ಬಳು. ಮಗಳೇ ಇಲ್ಲಿ ಸೇರಿಸಿ, ಪ್ರತಿ ತಿಂಗಳು ಹಣ ಕಟ್ಟುತ್ತಿದ್ದಾಳಂತೆ. ರಾತ್ರಿ ಎಂಟಕ್ಕೆ ವಿಡಿಯೋ ಕಾಲ್ ಮಾಡುತ್ತಾಳೆ, ಅಲ್ಲಿನ ಡ್ಯೂಟಿ ಮುಗಿಯುವ ಹೊತ್ತಿಗೆ. ಅವಳು ಹಾಲಿನಲ್ಲಿ ಕೂತಿದ್ದಳು, ಟಿವಿ ಎದುರು. ನಾನು ಹೋಗಿ ಮಾತಾಡಿಸಿದೆ. ಲೆಕ್ಕದ ಸಾರು ಅಂದಾಗ ನಕ್ಕಳು. ಇವತ್ತು ಯಾವ ವಾರ ಅಂತ ಕೇಳಿದಳು.